ಎತ್ತರದ ಊರಿನಲ್ಲಿ ಐರಿಷ್ ಸೋಡಾ ಬ್ರೆಡ್: ಉಬ್ಬಿದ್ದು ಕುಸಿಯುವುದೇಕೆ?

ಗೋಧಿ ಹಿಟ್ಟು, ಉಪ್ಪು, ಅಡುಗೆ ಸೋಡಾ ಮತ್ತು ಮಜ್ಜಿಗೆ. ಈ ನಾಲ್ಕೇ ಸಾಮಗ್ರಿಗಳಿಂದ ತಯಾರಾಗುವ ಐರಿಷ್ ಸೋಡಾ ಬ್ರೆಡ್ ಜಗತ್ತಿನ ಅತ್ಯಂತ ಸರಳ ಬ್ರೆಡ್‌ಗಳಲ್ಲೊಂದು. ಇದಕ್ಕೆ ಯೀಸ್ಟ್ ಬೇಡ. ಹಿಟ್ಟು ಹುದುಗಲೆಂದು ಗಂಟೆಗಟ್ಟಲೆ ಕಾಯಬೇಕಿಲ್ಲ. ಬಹಳ ಹೊತ್ತು ನಾದುವ ಶ್ರಮವೂ ಇಲ್ಲ. ಕಲಸಿದ ಕೂಡಲೇ ಓವನ್ನಿನಲ್ಲಿಟ್ಟರೆ ಮುಕ್ಕಾಲು ಗಂಟೆಯಲ್ಲಿ ಬ್ರೆಡ್ ಸಿದ್ಧ.

ಆದರೆ ಡಬ್ಲಿನ್ನಿನ ಕಡಲತೀರದಲ್ಲಿ ಎಂದೂ ಕೈಕೊಡದ ಇದೇ ಅಳತೆ, ಅಮೆರಿಕದ ಕೊಲೊರಾಡೊ ರಾಜ್ಯದ ಡೆನ್ವರ್ ನಗರದಲ್ಲಿ ಕೈಕೊಡಬಹುದು. ಬ್ರೆಡ್ ಓವನ್ನಿನೊಳಗೆ ಮೊದಲು ಗೋಪುರದಂತೆ ಉಬ್ಬುತ್ತದೆ. ನಂತರ ನಡುಭಾಗ ಕುಸಿದು ತಗ್ಗು ಬೀಳುತ್ತದೆ. ಕತ್ತರಿಸಿದರೆ ಒಳಗೆ ದೊಡ್ಡ ದೊಡ್ಡ ರಂಧ್ರಗಳು, ಒಣಗಿ ಪುಡಿಯಾಗುವ ತಿರುಳು, ಕೆಲವೊಮ್ಮೆ ನಾಲಿಗೆಗೆ ಸಾಬೂನಿನ ರುಚಿ. ಇದು ಅಡುಗೆ ಮಾಡುವವರ ಕೈಗುಣದ ದೋಷವಲ್ಲ. ಡೆನ್ವರ್ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿಯ ಒತ್ತಡವೇ ಬೇರೆ.

ಇಂತಹ ಸಂದರ್ಭದಲ್ಲಿ ಸಾಮಾನ್ಯವಾಗಿ ಕೇಳಿಬರುವ ಸಲಹೆ ಒಂದೇ: 'ಸೋಡಾ ಕಡಿಮೆ ಮಾಡಿ'. ಕೇಕ್‌ನಂತಹ ತಿನಿಸುಗಳಿಗೆ ಈ ಸಲಹೆ ಬಹುಮಟ್ಟಿಗೆ ಸರಿ. ಸೋಡಾ ಬ್ರೆಡ್‌ಗೆ ಮಾತ್ರ ಇದು ಅರ್ಧ ಸತ್ಯ. ಏಕೆಂದರೆ ಈ ಬ್ರೆಡ್‌ನಲ್ಲಿ ಸೋಡಾ ಎರಡು ಕೆಲಸ ಮಾಡುತ್ತದೆ. ಒಂದು ಕೆಲಸಕ್ಕೆ ಅದು ಹೆಚ್ಚಾಗುವ ಎತ್ತರದಲ್ಲಿಯೂ ಇನ್ನೊಂದು ಕೆಲಸಕ್ಕೆ ಅದು ಅಷ್ಟೇ ಪ್ರಮಾಣದಲ್ಲಿ ಬೇಕು. ಈ ಲೆಕ್ಕ ತಿಳಿದರೆ ಎಷ್ಟೇ ಎತ್ತರದ ಊರಿನಲ್ಲಿಯೂ ಬ್ರೆಡ್ ಕೆಡಬೇಕಾಗಿಲ್ಲ.

ಬಡವರ ಮನೆಯ ಬ್ರೆಡ್

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಅಡುಗೆ ಸೋಡಾ ಅಗ್ಗವಾಗಿ ದೊರೆಯತೊಡಗಿದಾಗ ಐರ್ಲೆಂಡಿನ ಹಳ್ಳಿಗಳಲ್ಲಿ ಸೋಡಾ ಬ್ರೆಡ್ ರೂಢಿಗೆ ಬಂದಿತು. ಉತ್ತರ ಐರ್ಲೆಂಡಿನ ನ್ಯೂರಿ ಪಟ್ಟಣದ ಪತ್ರಿಕೆಯೊಂದರಲ್ಲಿ ಬಂದಿದ್ದ ಇದರ ವಿಧಾನವನ್ನು 1836ರಲ್ಲಿ ಲಂಡನ್ನಿನ ಕೃಷಿ ನಿಯತಕಾಲಿಕವೊಂದು ಉಲ್ಲೇಖಿಸಿತ್ತು. ಮುದ್ರಣದಲ್ಲಿ ಸಿಗುವ ಅತ್ಯಂತ ಹಳೆಯ ವಿಧಾನಗಳಲ್ಲಿ ಇದೂ ಒಂದು.

ಈ ಬ್ರೆಡ್ ಐರ್ಲೆಂಡಿನಲ್ಲಿಯೇ ನೆಲೆನಿಂತದ್ದಕ್ಕೆ ಕಾರಣಗಳಿವೆ. ಅಲ್ಲಿನ ತಂಪಾದ, ಮಳೆ ಹೆಚ್ಚಿರುವ ಹವೆಯಲ್ಲಿ ಬೆಳೆಯುತ್ತಿದ್ದುದು ಮೃದು ಗೋಧಿ. ಅದರಲ್ಲಿ ಗ್ಲುಟೆನ್ ಎಂಬ ಅಂಟಿನಂಶ ಕಡಿಮೆ. ಯೀಸ್ಟ್ ಹಾಕಿ ನಿಧಾನವಾಗಿ ಉಬ್ಬಿಸುವ ಬ್ರೆಡ್‌ಗೆ ಅದು ಒಗ್ಗುತ್ತಿರಲಿಲ್ಲ. ತಕ್ಷಣ ಉಬ್ಬಿಸುವ ಸೋಡಾಗೆ ಮಾತ್ರ ಹೇಳಿ ಮಾಡಿಸಿದಂತಿತ್ತು. ಮಜ್ಜಿಗೆಗೆ ಕೊರತೆ ಇರಲಿಲ್ಲ. ನಮ್ಮಲ್ಲಿ ಮೊಸರು ಕಡೆದು ಬೆಣ್ಣೆ ತೆಗೆದ ಮೇಲೆ ಉಳಿಯುವಂತೆಯೇ ಅಲ್ಲಿ ಹುಳಿಬಂದ ಕೆನೆಯನ್ನು ಕಡೆದು ಬೆಣ್ಣೆ ತೆಗೆದ ಬಳಿಕ ಮಜ್ಜಿಗೆ ಉಳಿಯುತ್ತಿತ್ತು.

ಬಹುತೇಕ ಬಡವರ ಮನೆಗಳಲ್ಲಿ ಓವನ್ ಇರಲಿಲ್ಲ. ಮೂರು ಕಾಲುಗಳ, ಮುಚ್ಚಳವಿರುವ 'ಬಾಸ್ಟಿಬಲ್' ಎಂಬ ಎರಕದ ಕಬ್ಬಿಣದ ಪಾತ್ರೆಯನ್ನು ಒಲೆಯ ಮೇಲಿಟ್ಟು, ಮುಚ್ಚಳದ ಮೇಲೂ ಕೆಂಡ ಹರಡಿ ಬ್ರೆಡ್ ಬೇಯಿಸುತ್ತಿದ್ದರು. ಉತ್ತರದ ಅಲ್ಸ್ಟರ್ ಪ್ರಾಂತ್ಯದಲ್ಲಿ ಹಿಟ್ಟನ್ನು ದುಂಡಗೆ ತಟ್ಟಿ, ನಾಲ್ಕು ಭಾಗ ಮಾಡಿ, ಕಾವಲಿಯ ಮೇಲೆ ಬೇಯಿಸುವುದು ವಾಡಿಕೆ. ಈ ತುಂಡುಗಳಿಗೆ 'ಫಾರ್ಲ್' ಎಂದು ಹೆಸರು.

ದುಂಡು ಬ್ರೆಡ್‌ನ ನೆತ್ತಿಯ ಮೇಲೆ ಶಿಲುಬೆಯಾಕಾರದಲ್ಲಿ ಆಳವಾಗಿ ಗೀರುವುದು ಇದರ ಗುರುತು. ಕೆಟ್ಟ ಶಕ್ತಿಗಳು ದೂರವಾಗಲಿ ಎಂಬ ನಂಬಿಕೆ ಇದರ ಹಿಂದಿದೆ ಎನ್ನುತ್ತಾರೆ. ಅಡುಗೆಯ ದೃಷ್ಟಿಯಿಂದಲೂ ಗೀರಿಗೆ ಅರ್ಥವಿದೆ. ಬ್ರೆಡ್‌ನ ಅತ್ಯಂತ ದಪ್ಪನಾದ ನಡುಭಾಗಕ್ಕೆ ಬಿಸಿ ಬೇಗ ಇಳಿಯಲು ಮತ್ತು ಹಬೆ ಹೊರಹೋಗಲು ಅದು ದಾರಿ ಮಾಡಿಕೊಡುತ್ತದೆ. ಎತ್ತರದ ಊರುಗಳಲ್ಲಿ ಈ ಗೀರು ಎಷ್ಟು ಮುಖ್ಯ ಎಂಬುದನ್ನು ಮುಂದೆ ನೋಡಬಹುದು.

ಗಣಿಗಳ ಹಿಂದೆ ಬೆಟ್ಟ ಹತ್ತಿದವರು

ಐರ್ಲೆಂಡಿನಲ್ಲಿ ಎತ್ತರದ ಸಮಸ್ಯೆಯೇ ಇಲ್ಲ. ದೇಶದ ಅತ್ಯುನ್ನತ ಶಿಖರ ಕ್ಯಾರನ್‌ಟೂಹಿಲ್‌ನ ಎತ್ತರ ಕೇವಲ 1,038 ಮೀಟರ್. ಜನವಸತಿಯೆಲ್ಲ ಅದಕ್ಕಿಂತ ಬಹಳ ಕೆಳಗೆ. ಆದರೆ 1845ರಿಂದ ಐರ್ಲೆಂಡನ್ನು ಕಾಡಿದ ಆಲೂಗಡ್ಡೆ ಕ್ಷಾಮ ಮತ್ತು ಅದರ ನಂತರದ ದಶಕಗಳ ಬಡತನ ಲಕ್ಷಾಂತರ ಜನರನ್ನು ಅಟ್ಲಾಂಟಿಕ್ ದಾಟಿಸಿತು. ಅವರೊಡನೆ ಸೋಡಾ ಬ್ರೆಡ್ ಕೂಡ ಅಮೆರಿಕಕ್ಕೆ ಹೋಯಿತು.

ವಲಸೆ ಹೋದವರಲ್ಲಿ ಹಲವರು ಗಣಿಗಳ ಜಾಡು ಹಿಡಿದು ರಾಕಿ ಪರ್ವತಗಳನ್ನೇರಿದರು. ಮೊಂಟಾನಾ ರಾಜ್ಯದ ತಾಮ್ರದ ಗಣಿಗಳ ಊರಾದ ಬ್ಯೂಟ್ ಸುಮಾರು 1,700 ಮೀಟರ್ ಎತ್ತರದಲ್ಲಿದೆ. 1900ರ ಹೊತ್ತಿಗೆ ಅಲ್ಲಿನ ಜನರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು ಐರಿಷ್ ಮೂಲದವರಾಗಿದ್ದರು. ಕೊಲೊರಾಡೊದ ಲೆಡ್‌ವಿಲ್ ಇನ್ನೂ ಎತ್ತರದ್ದು. 1870ರ ದಶಕದ ಕೊನೆಯಲ್ಲಿ ಬೆಳ್ಳಿಯ ಅದಿರಿನಿಂದಾಗಿ ದಿಢೀರನೆ ಬೆಳೆದ ಈ ಪಟ್ಟಣ ಸಮುದ್ರಮಟ್ಟದಿಂದ 3,000 ಮೀಟರ್‌ಗೂ ಮೇಲಿದೆ. ಅಂದರೆ ಐರ್ಲೆಂಡಿನ ಅತ್ಯುನ್ನತ ಶಿಖರದ ಮೂರು ಪಟ್ಟು ಎತ್ತರ. ಕಾರ್ಕ್ ಜಿಲ್ಲೆಯ ಬೇರಾ ಪರ್ಯಾಯದ್ವೀಪದ ತಾಮ್ರದ ಗಣಿಗಳಲ್ಲಿ ದುಡಿದಿದ್ದ ಕುಟುಂಬಗಳವರೂ ಇಲ್ಲಿಗೆ ಬಂದಿದ್ದರು. 1912ರಲ್ಲಿ ಟೈಟಾನಿಕ್ ದುರಂತದಿಂದ ಪಾರಾಗಿ ಹೆಸರಾದ ಮಾರ್ಗರೆಟ್ ಬ್ರೌನ್ ಐರಿಷ್ ವಲಸಿಗ ದಂಪತಿಯ ಮಗಳು. ಆಕೆ ಮದುವೆಯಾಗಿ ಸಂಸಾರ ಹೂಡಿದ್ದು ಲೆಡ್‌ವಿಲ್‌ನಲ್ಲಿಯೇ.

ಆ ಬದುಕು ಸುಖದ್ದಾಗಿರಲಿಲ್ಲ. ಲೆಡ್‌ವಿಲ್‌ನ ಎವರ್‌ಗ್ರೀನ್ ಸ್ಮಶಾನದಲ್ಲಿ ಬಡವರಿಗೆಂದು ಮೀಸಲಾಗಿದ್ದ ಭಾಗದಲ್ಲಿ 1,300ಕ್ಕೂ ಹೆಚ್ಚು ಮಂದಿಯನ್ನು ಹೆಸರು ಕೆತ್ತಿದ ಕಲ್ಲೂ ಇಲ್ಲದೆ ಹೂಳಲಾಗಿತ್ತು. ಅವರಲ್ಲಿ ಬಹುಪಾಲು ಐರಿಷ್ ವಲಸಿಗರು. ಅವರ ನೆನಪಿಗೆ 2023ರಲ್ಲಿ ಅಲ್ಲಿ ಸ್ಮಾರಕವೊಂದನ್ನು ಉದ್ಘಾಟಿಸಲಾಯಿತು.

ಎತ್ತರದಲ್ಲಿ ಆಗುವುದೇನು?

ಎತ್ತರ ಹೆಚ್ಚಿದಂತೆ ನಮ್ಮ ತಲೆಯ ಮೇಲಿರುವ ಗಾಳಿಯ ಪದರ ತೆಳುವಾಗುತ್ತದೆ. ಅದರ ಭಾರವೂ ಇಳಿಯುತ್ತದೆ. ಸಮುದ್ರಮಟ್ಟದ ಒತ್ತಡವನ್ನು 100 ಎಂದು ಇಟ್ಟುಕೊಂಡರೆ ಡೆನ್ವರ್‌ನಲ್ಲಿ ಅದು ಸುಮಾರು 82. ಲೆಡ್‌ವಿಲ್‌ನಲ್ಲಿ 70ಕ್ಕಿಂತಲೂ ಕಡಿಮೆ. ಬ್ರೆಡ್‌ನ ಮೇಲೆ ಇದರ ಪರಿಣಾಮ ಮೂರು ಬಗೆ.

ಮೊದಲನೆಯದು ಅನಿಲದ ಹಿಗ್ಗುವಿಕೆ. ಅಡುಗೆ ಸೋಡಾ ಮಜ್ಜಿಗೆಯ ಹುಳಿಯೊಡನೆ ಸೇರಿದಾಗ ಇಂಗಾಲದ ಡೈ ಆಕ್ಸೈಡ್ ಅನಿಲ ಹುಟ್ಟುತ್ತದೆ. ಒಂದು ಟೀ ಚಮಚ ಸೋಡಾ ಸುಮಾರು 5 ಗ್ರಾಂ ತೂಗುತ್ತದೆ. ಅದಷ್ಟೂ ಹುಳಿಯೊಡನೆ ವರ್ತಿಸಿದರೆ ಸಮುದ್ರಮಟ್ಟದಲ್ಲಿ, 25 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಸುಮಾರು ಒಂದೂವರೆ ಲೀಟರ್ ಅನಿಲ ಬರುತ್ತದೆ. ಡೆನ್ವರ್‌ನಲ್ಲಿ ಅದೇ 5 ಗ್ರಾಂ ಸೋಡಾದಿಂದ ಬಂದ ಅನಿಲ ಸುಮಾರು 1.8 ಲೀಟರ್ ಜಾಗ ಆಕ್ರಮಿಸುತ್ತದೆ. ಲೆಡ್‌ವಿಲ್‌ನಲ್ಲಿ ಎರಡು ಲೀಟರ್ ಮೀರುತ್ತದೆ. ಸೋಡಾ ಹೆಚ್ಚಿಲ್ಲ, ಅನಿಲದ ತೂಕವೂ ಹೆಚ್ಚಿಲ್ಲ. ಆದರೆ ಅದನ್ನು ಒತ್ತಿಹಿಡಿಯುವ ಗಾಳಿಯ ಬಲ ಕಡಿಮೆಯಾದ್ದರಿಂದ ಗುಳ್ಳೆಗಳು ದೊಡ್ಡದಾಗುತ್ತವೆ. ಗುಳ್ಳೆಯ ಗೋಡೆಗಳು ಗಟ್ಟಿಯಾಗುವ ಮೊದಲೇ ಒಡೆದರೆ ಬ್ರೆಡ್ ಕುಸಿಯುತ್ತದೆ.

ಎರಡನೆಯದು ನೀರು ಕುದಿಯುವ ಉಷ್ಣಾಂಶ. ಎತ್ತರ ಪ್ರತಿ 300 ಮೀಟರ್ ಹೆಚ್ಚಿದಂತೆ ಇದು ಅಂದಾಜು ಒಂದು ಡಿಗ್ರಿಯಂತೆ ಇಳಿಯುತ್ತದೆ. ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು ಡೆನ್ವರ್‌ನಲ್ಲಿ 95 ಡಿಗ್ರಿಗೆ, ಲೆಡ್‌ವಿಲ್‌ನಲ್ಲಿ 90 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ. ಓವನ್ನಿನ ಒಳಗಿನ ಗಾಳಿ 200 ಡಿಗ್ರಿ ಇದ್ದರೂ ನೀರಿನಂಶವಿರುವ ಬ್ರೆಡ್‌ನ ತಿರುಳು ಆ ಕುದಿಬಿಂದುವನ್ನು ದಾಟಲಾರದು. ಬೆಟ್ಟದ ಊರುಗಳಲ್ಲಿ ತೆರೆದ ಪಾತ್ರೆಯಲ್ಲಿ ಅನ್ನ, ಬೇಳೆ ಬೇಯಲು ತಡವಾಗುವುದು ಇದೇ ಕಾರಣದಿಂದ. ಬೇಳೆಗೆ ಪ್ರೆಷರ್ ಕುಕ್ಕರ್ ಪರಿಹಾರವಾಗಬಲ್ಲದು. ಹೊರಪದರ ಒಣಗಿ ಗರಿಗರಿಯಾಗಬೇಕಾದ ಬ್ರೆಡ್‌ಗೆ ಆ ದಾರಿ ಇಲ್ಲ.

ಮೂರನೆಯದು ಒಣಗುವಿಕೆ. ಒತ್ತಡ ಕಡಿಮೆ ಇರುವಲ್ಲಿ ನೀರು ಬೇಗ ಆವಿಯಾಗುತ್ತದೆ. ರಾಕಿ ಪರ್ವತಗಳ ಗಾಳಿಯೂ ಶುಷ್ಕ. ಡಬ್ಬಿಯಲ್ಲಿಟ್ಟ ಹಿಟ್ಟು ಕೂಡ ತೇವ ಕಳೆದುಕೊಂಡಿರುತ್ತದೆ. ಹೀಗಾಗಿ ಅದೇ ಅಳತೆಯ ಹಿಟ್ಟು ಅಲ್ಲಿ ಹೆಚ್ಚು ನೀರು ಕುಡಿಯುತ್ತದೆ.

ಸೋಡಾದ ಎರಡು ಕೆಲಸ

ಅನಿಲ ಹೆಚ್ಚು ಹಿಗ್ಗುವುದಾದರೆ ಸೋಡಾ ಕಡಿಮೆ ಮಾಡುವುದು ಸಹಜವಾದ ಉಪಾಯ. ಆದರೆ ಇಲ್ಲಿಯೇ ತೊಡಕು ಇರುವುದು. ಸೋಡಾ ಬ್ರೆಡ್‌ನಲ್ಲಿ ಸೋಡಾ ಅನಿಲ ಉತ್ಪಾದಿಸುವುದರ ಜೊತೆಗೆ ಮಜ್ಜಿಗೆಯ ಹುಳಿಯನ್ನೂ ತಣಿಸುತ್ತದೆ. ಸೋಡಾ ತೀರಾ ಕಡಿಮೆಯಾದರೆ ಹುಳಿ ಉಳಿದುಬಿಡುತ್ತದೆ. ಬ್ರೆಡ್ ಹುಳಿಯಾಗಿ, ಬಣ್ಣ ಬಾರದೆ, ಬಿಳಿಚಿಕೊಂಡು ಗಟ್ಟಿಯಾಗುತ್ತದೆ.

ಸೋಡಾ ಹೆಚ್ಚಾದರೆ ಆಗುವ ಕೇಡು ಬೇರೆ. ಹುಳಿ ಸಿಗದೆ ಉಳಿದ ಸೋಡಾ ಓವನ್ನಿನ ಬಿಸಿಗೆ ಸೋಡಿಯಂ ಕಾರ್ಬೊನೇಟ್ ಆಗಿ ಮಾರ್ಪಡುತ್ತದೆ. ಬಟ್ಟೆ ಒಗೆಯಲು ಬಳಸುವ ವಾಷಿಂಗ್ ಸೋಡಾ ಇದೇ ವಸ್ತು. ಸಾಬೂನಿನ ರುಚಿ, ತಿರುಳಿನ ಹಳದಿ ಛಾಯೆ, ಅಲ್ಲಲ್ಲಿ ಕಾಣುವ ಕಂದು ಚುಕ್ಕೆಗಳಿಗೆ ಕಾರಣ ಇಷ್ಟೇ. ಸೋಡಾವನ್ನು ಜರಡಿ ಹಿಡಿಯದೆ ಗಂಟು ಉಳಿದರೂ ಇಂತಹ ಚುಕ್ಕೆಗಳು ಬರುತ್ತವೆ.

ಎತ್ತರದ ಅಡುಗೆಯ ಕುರಿತ ಅಮೆರಿಕದ ಮಾರ್ಗಸೂಚಿಗಳು ಈ ತೊಡಕಿಗೆ ಒಂದು ಗಡಿ ಹಾಕಿವೆ. ಒಂದು ಕಪ್ ಹುಳಿ ಹಾಲು ಅಥವಾ ಮಜ್ಜಿಗೆಗೆ ಅರ್ಧ ಟೀ ಚಮಚಕ್ಕಿಂತ ಕಡಿಮೆ ಸೋಡಾ ಹಾಕಬಾರದು ಎಂಬುದೇ ಆ ಗಡಿ. ಐರಿಷ್ ಸೋಡಾ ಬ್ರೆಡ್‌ನ ರೂಢಿಯ ಅಳತೆಯಲ್ಲಿ 450 ಗ್ರಾಂ ಹಿಟ್ಟಿಗೆ ಒಂದು ಟೀ ಚಮಚ ಸೋಡಾ ಮತ್ತು 350ರಿಂದ 400 ಮಿಲಿ ಲೀಟರ್ ಮಜ್ಜಿಗೆ ಇರುತ್ತದೆ. ಅಂದರೆ ಒಂದೂವರೆ ಕಪ್ ಅಥವಾ ತುಸು ಹೆಚ್ಚು ಮಜ್ಜಿಗೆ. ಅದಕ್ಕೆ ಕನಿಷ್ಠ ಮುಕ್ಕಾಲು ಟೀ ಚಮಚ ಸೋಡಾ ಬೇಕೇ ಬೇಕು. ಒಟ್ಟಿನಲ್ಲಿ ಕಡಿಮೆ ಮಾಡಲು ಸಿಗುವ ಅವಕಾಶ ಕೇವಲ ಕಾಲು ಚಮಚ. ಉಳಿದ ತಿದ್ದುಪಡಿಯನ್ನು ನೀರು, ಹಿಟ್ಟು, ಗಾತ್ರ ಮತ್ತು ಬೆಂಕಿಯ ಮೂಲಕವೇ ಮಾಡಿಕೊಳ್ಳಬೇಕು.

ಉಕ್ಕಿನ ಕೋಣೆಯ ಪಾಠ

ಇಂತಹ ಮಾರ್ಗಸೂಚಿಗಳು ಅಂದಾಜಿನಿಂದ ಬಂದವಲ್ಲ. ಕೊಲೊರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿದ್ದ ಕೃಷಿ ಕಾಲೇಜಿನಲ್ಲಿ ಗೃಹವಿಜ್ಞಾನ ಪ್ರಾಧ್ಯಾಪಕಿಯಾಗಿದ್ದ ಇಂಗಾ ಆಲಿಸನ್ 1920ರ ದಶಕದಲ್ಲಿ ಈ ವಿಷಯದ ಅಧ್ಯಯನಕ್ಕೆ ಮುಂದಾದರು. ಸಮುದ್ರಮಟ್ಟಕ್ಕೆಂದು ಬರೆದ ಅಳತೆಗಳು ಪರ್ವತ ಪ್ರದೇಶದ ಗೃಹಿಣಿಯರಿಗೆ ಕೆಲಸಕ್ಕೆ ಬಾರದಿದ್ದುದೇ ಇದಕ್ಕೆ ಪ್ರೇರಣೆ.

ಪ್ರತಿ ಎತ್ತರಕ್ಕೂ ಹೋಗಿ ಪರೀಕ್ಷಿಸುವುದು ಕಷ್ಟ. ಆದ್ದರಿಂದ ಒಳಗಿನ ಗಾಳಿಯ ಒತ್ತಡವನ್ನು ಬೇಕಾದಂತೆ ಬದಲಿಸಬಹುದಾದ ಉಕ್ಕಿನ ಕೋಣೆಯೊಂದನ್ನು ಕಾಲೇಜಿನಲ್ಲಿ ನಿರ್ಮಿಸಲಾಯಿತು. ಅದರೊಳಗೆ ಓವನ್ನಿಟ್ಟು ವಿವಿಧ ಎತ್ತರಗಳ ಸ್ಥಿತಿಯಲ್ಲಿ ಕೇಕು, ಬ್ರೆಡ್ಡುಗಳನ್ನು ಬೇಯಿಸಿ ನೋಡಿದರು. 1930ರಲ್ಲಿ ಕಾಲೇಜಿನ ಪ್ರಯೋಗ ಕೇಂದ್ರ ಇದರ ಫಲಿತಾಂಶಗಳನ್ನು ಪುಸ್ತಿಕೆಯಾಗಿ ಹೊರತಂದಿತು. ಇಂದು ಕೊಲೊರಾಡೊ ಸ್ಟೇಟ್ ಯೂನಿವರ್ಸಿಟಿ ಎನಿಸಿಕೊಂಡಿರುವ ಆ ಸಂಸ್ಥೆ ಈಗಲೂ ಎತ್ತರದ ಅಡುಗೆಯ ಮಾಹಿತಿಗೆ ಹೆಸರುವಾಸಿ.

ಅಳತೆ ಬದಲಿಸುವುದು ಹೇಗೆ?

ಸಮುದ್ರಮಟ್ಟದ ಅಳತೆ ಹೀಗಿದೆ: 450 ಗ್ರಾಂ ಹಿಟ್ಟು, ತಲೆ ಸವರಿದ ಒಂದು ಟೀ ಚಮಚ ಅಡುಗೆ ಸೋಡಾ, ಒಂದು ಟೀ ಚಮಚ ಉಪ್ಪು, 350ರಿಂದ 400 ಮಿಲಿ ಲೀಟರ್ ಗಟ್ಟಿ ಮಜ್ಜಿಗೆ. ಇದನ್ನು ಆಧಾರವಾಗಿಟ್ಟುಕೊಂಡು ಕೆಳಗಿನಂತೆ ತಿದ್ದಿಕೊಳ್ಳಬಹುದು.

900 ಮೀಟರ್‌ವರೆಗೆ: ಯಾವ ಬದಲಾವಣೆಯೂ ಬೇಡ.

900ರಿಂದ 1,500 ಮೀಟರ್: ಸೋಡಾ ತುಂಬು ಚಮಚವಾಗದಂತೆ ನೋಡಿಕೊಂಡರೆ ಸಾಕು. ಹಿಟ್ಟು ಬಿಗಿಯಾಗಿ ಕಂಡರೆ ಒಂದೆರಡು ಟೇಬಲ್ ಚಮಚ ನೀರು ಸೇರಿಸಬೇಕು.

1,500ರಿಂದ 2,100 ಮೀಟರ್: ಸೋಡಾ ಒಂದು ಚಮಚಕ್ಕೆ ತುಸು ಕಡಿಮೆ ಇರಲಿ. ಎರಡರಿಂದ ನಾಲ್ಕು ಟೇಬಲ್ ಚಮಚದಷ್ಟು ದ್ರವ ಹೆಚ್ಚಿಸಬೇಕು.

2,100 ಮೀಟರ್‌ನಿಂದ ಮೇಲೆ: ಸೋಡಾ ಮುಕ್ಕಾಲು ಚಮಚ. ಅದಕ್ಕಿಂತ ಕೆಳಗೆ ಇಳಿಸಬಾರದು. ದ್ರವವನ್ನು ನಾಲ್ಕು ಟೇಬಲ್ ಚಮಚದವರೆಗೆ ಹೆಚ್ಚಿಸಿ, ಹಿಟ್ಟನ್ನು ಎರಡು ಸಣ್ಣ ಬ್ರೆಡ್‌ಗಳಾಗಿ ಮಾಡುವುದು ಒಳಿತು.

ಹೆಚ್ಚುವರಿ ದ್ರವವಾಗಿ ಮಜ್ಜಿಗೆಯ ಬದಲು ನೀರು ಅಥವಾ ಹುಳಿಯಿಲ್ಲದ ಹಾಲು ಬಳಸುವುದು ಸೂಕ್ತ. ಮಜ್ಜಿಗೆಯನ್ನೇ ಹೆಚ್ಚಿಸಿದರೆ ಹುಳಿಯೂ ಹೆಚ್ಚುತ್ತದೆ. ಅದನ್ನು ತಣಿಸಲು ಮತ್ತೆ ಸೋಡಾ ಹೆಚ್ಚಿಸಬೇಕಾಗುತ್ತದೆ. ನೀರನ್ನು ಒಮ್ಮೆಲೇ ಸುರಿಯದೆ ಚಮಚದಿಂದ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಚಪಾತಿ ಹಿಟ್ಟಿಗಿಂತ ಸಡಿಲವಾಗಿ, ಕೈಗೆ ತುಸು ಅಂಟುವಂತೆ, ಆದರೆ ಹರಿಯದಂತೆ ಇದ್ದರೆ ಹದ ಸರಿ.

ಮೃದು ಹಿಟ್ಟು ಐರ್ಲೆಂಡಿನಲ್ಲಿ ವರವಾದರೂ ಬಹಳ ಎತ್ತರದಲ್ಲಿ ಅದರ ಬಲ ಸಾಲದು. ಹಿಗ್ಗುವ ಗುಳ್ಳೆಗಳನ್ನು ತಡೆದುಕೊಳ್ಳಲು ಪ್ರೋಟೀನ್ ತುಸು ಹೆಚ್ಚಿರುವ ಹಿಟ್ಟು ನೆರವಾಗುತ್ತದೆ. ಹಾಗೆಂದು ಹೆಚ್ಚು ನಾದಬಾರದು. ನಾದಿದಷ್ಟೂ ಬ್ರೆಡ್ ರಬ್ಬರಿನಂತಾಗುತ್ತದೆ ಮತ್ತು ಅಷ್ಟರಲ್ಲಿ ಅನಿಲವೂ ಸೋರಿಹೋಗಿರುತ್ತದೆ. ಸೋಡಾ ಮತ್ತು ಮಜ್ಜಿಗೆ ಸೇರಿದ ಕ್ಷಣದಿಂದಲೇ ಅನಿಲ ಹೊರಬರತೊಡಗುವುದರಿಂದ ಓವನ್ ಮೊದಲೇ ಕಾದಿರಬೇಕು.

ಬೆಂಕಿಯ ವಿಷಯದಲ್ಲಿ ಸಾಮಾನ್ಯ ನಿಯಮವೆಂದರೆ ಎತ್ತರದಲ್ಲಿ ಓವನ್ನಿನ ಉಷ್ಣಾಂಶವನ್ನು 8ರಿಂದ 14 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸುವುದು. ಅನಿಲ ವಿಪರೀತ ಹಿಗ್ಗುವ ಮೊದಲೇ ಬ್ರೆಡ್‌ನ ಒಡಲು ಗಟ್ಟಿಯಾಗಲಿ ಎಂಬುದು ಇದರ ಉದ್ದೇಶ. ಸೋಡಾ ಬ್ರೆಡ್‌ಗೆ ಇಲ್ಲೊಂದು ಅನುಕೂಲವಿದೆ. ಮೊದಲ 15 ನಿಮಿಷ 230 ಡಿಗ್ರಿ, ನಂತರ 200 ಡಿಗ್ರಿಯಲ್ಲಿ ಸುಮಾರು ಅರ್ಧ ಗಂಟೆ ಬೇಯಿಸುವುದು ಇದರ ರೂಢಿಯ ಕ್ರಮ. ಆರಂಭದಲ್ಲಿಯೇ ಬಿರುಸಾದ ಬಿಸಿ ಇರುವುದರಿಂದ ಅದನ್ನು ಇನ್ನಷ್ಟು ಏರಿಸುವ ಅಗತ್ಯ ಬೀಳುವುದಿಲ್ಲ. ಎರಡನೆಯ ಹಂತವನ್ನು 210 ಡಿಗ್ರಿಯಲ್ಲಿ ನಡೆಸಿದರೆ ಸಾಕು. ನೆತ್ತಿಯ ಗೀರು ಆಳವಾಗಿರಬೇಕು. ನಡುಭಾಗಕ್ಕೆ ಬಿಸಿ ಬೇಗ ತಲುಪಿದಷ್ಟೂ ಕುಸಿತದ ಸಂಭವ ಕಡಿಮೆ.

ಹಳೆಯ ಬಾಸ್ಟಿಬಲ್ ಪಾತ್ರೆಯ ತತ್ವವೂ ಇಲ್ಲಿ ಪ್ರಯೋಜನಕಾರಿ. ದಪ್ಪ ತಳದ ಮುಚ್ಚಳವಿರುವ ಪಾತ್ರೆಯಲ್ಲಿಟ್ಟು ಓವನ್ನಿನಲ್ಲಿ ಬೇಯಿಸಿದರೆ ಬ್ರೆಡ್‌ನಿಂದ ಹೊರಟ ಹಬೆ ಒಳಗೇ ಉಳಿದು ಮೇಲ್ಪದರ ಬೇಗನೆ ಒಣಗುವುದನ್ನು ತಡೆಯುತ್ತದೆ. ಕೊನೆಯ 10-15 ನಿಮಿಷ ಮುಚ್ಚಳ ತೆಗೆದರೆ ಬಣ್ಣ ಬರುತ್ತದೆ. ಮುಚ್ಚಳ ಒತ್ತಡವನ್ನು ಏರಿಸುವುದಿಲ್ಲ, ತೇವವನ್ನಷ್ಟೇ ಕಾಯುತ್ತದೆ.

ಥರ್ಮಾಮೀಟರ್ ನಂಬುವಂತಿಲ್ಲ

ಬ್ರೆಡ್‌ನ ಒಳಗೆ ಥರ್ಮಾಮೀಟರ್ ಚುಚ್ಚಿ, 93ರಿಂದ 96 ಡಿಗ್ರಿ ತೋರಿಸಿದಾಗ ಹೊರತೆಗೆಯುವ ಪದ್ಧತಿ ಪಾಶ್ಚಾತ್ಯ ಅಡುಗೆಮನೆಗಳಲ್ಲಿ ಸಾಮಾನ್ಯ. ಲೆಡ್‌ವಿಲ್‌ನಂತಹ ಊರಿನಲ್ಲಿ ಈ ಸಂಖ್ಯೆಯನ್ನು ಕಾಯುತ್ತಾ ಕುಳಿತರೆ ಬ್ರೆಡ್ ಒಣಗಿ ಇಟ್ಟಿಗೆಯಾಗುತ್ತದೆಯೇ ಹೊರತು ಸಂಖ್ಯೆ ಬರುವುದಿಲ್ಲ. ಏಕೆಂದರೆ ಅಲ್ಲಿ ನೀರು ಕುದಿಯುವುದೇ 90 ಡಿಗ್ರಿಯ ಸುಮಾರಿಗೆ. ಅಲ್ಲಿ ಊರಿನ ಕುದಿಬಿಂದುವಿಗಿಂತ ನಾಲ್ಕೈದು ಡಿಗ್ರಿ ಕಡಿಮೆಯ ಸಂಖ್ಯೆಯನ್ನು ಗುರಿಯಾಗಿ ಇಟ್ಟುಕೊಳ್ಳಬೇಕಾಗುತ್ತದೆ.

ಇದಕ್ಕಿಂತ ಸುಲಭವಾದದ್ದು ಐರಿಷ್ ಅಜ್ಜಿಯರ ಕ್ರಮ. ಬ್ರೆಡ್ಡನ್ನು ಬಟ್ಟೆಯಲ್ಲಿ ಹಿಡಿದು ಮಗುಚಿ ತಳವನ್ನು ಬೆರಳ ಗಿಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಬೆಂದಿದೆ ಎಂದು ಅರ್ಥ. ಮಂದ ಸದ್ದು ಬಂದರೆ ಇನ್ನೂ ಐದು ನಿಮಿಷ ಬೇಕು. ಈ ಪರೀಕ್ಷೆಗೆ ಎತ್ತರದ ಹಂಗಿಲ್ಲ.

ಸಿಹಿ ಬ್ರೆಡ್‌ಗೇ ಹೆಚ್ಚು ಅಪಾಯ

ಅಮೆರಿಕದಲ್ಲಿ ಮಾರ್ಚ್ 17ರ ಸಂತ ಪ್ಯಾಟ್ರಿಕ್ ದಿನದಂದು 'ಐರಿಷ್ ಸೋಡಾ ಬ್ರೆಡ್' ಹೆಸರಿನಲ್ಲಿ ಬಿಕರಿಯಾಗುವುದು ಹಲವೆಡೆ ಸಿಹಿ ಬ್ರೆಡ್. ಅದರಲ್ಲಿ ಸಕ್ಕರೆ, ಬೆಣ್ಣೆ, ಮೊಟ್ಟೆ, ಒಣದ್ರಾಕ್ಷಿ ಹಾಗೂ ಜೀರಿಗೆಯನ್ನು ಹೋಲುವ ಕ್ಯಾರವೇ ಕಾಳುಗಳಿರುತ್ತವೆ. ಐರ್ಲೆಂಡಿನಲ್ಲಿಯೂ ಹಬ್ಬಹರಿದಿನಗಳಲ್ಲಿ ದ್ರಾಕ್ಷಿ ಹಾಕುವುದುಂಟು. ಆದರೆ ದಿನನಿತ್ಯದ ಬ್ರೆಡ್ ಅದಲ್ಲ.

ಎತ್ತರದ ಊರಿನಲ್ಲಿ ಹೆಚ್ಚು ಕೈಕೊಡುವುದು ಈ ಸಿಹಿ ಬ್ರೆಡ್ಡೇ. ಸಕ್ಕರೆ ನೀರನ್ನು ತನ್ನತ್ತ ಎಳೆದುಕೊಳ್ಳುವುದರಿಂದ ಹಿಟ್ಟಿನ ಪಿಷ್ಟ ಗಟ್ಟಿಗೊಳ್ಳಲು ಹೆಚ್ಚಿನ ಉಷ್ಣಾಂಶ ಬೇಕಾಗುತ್ತದೆ. ಆ ಉಷ್ಣಾಂಶ ಮುಟ್ಟುವುದು ತಡವಾದಷ್ಟೂ ಗುಳ್ಳೆಗಳಿಗೆ ಹಿಗ್ಗಲು ಸಮಯ ಸಿಗುತ್ತದೆ. ಬೆಣ್ಣೆ ಗ್ಲುಟೆನ್ ಎಳೆಗಳು ಒಂದಕ್ಕೊಂದು ಬೆಸೆಯುವುದನ್ನು ತಡೆಯುತ್ತದೆ. ಒಂದು ಕಡೆ ಗೋಡೆ ದುರ್ಬಲ, ಇನ್ನೊಂದು ಕಡೆ ಗಟ್ಟಿಯಾಗುವುದು ತಡ. ಪರಿಣಾಮ ಕುಸಿತ. ಆದ್ದರಿಂದ ಸಿಹಿ ಬ್ರೆಡ್ ಮಾಡುವವರು ಎತ್ತರದಲ್ಲಿ ಮೊದಲು ಸಕ್ಕರೆಯನ್ನು, ನಂತರ ಬೆಣ್ಣೆಯನ್ನು ಕಡಿಮೆ ಮಾಡಬೇಕು. ಮೊಟ್ಟೆ ಮಾತ್ರ ಒಡಲಿಗೆ ಬಲ ಕೊಡುವುದರಿಂದ ಅದನ್ನು ಬಿಡಬೇಕಿಲ್ಲ.

ಸಕ್ಕರೆ, ಬೆಣ್ಣೆಗಳಿಗೆ ಗತಿಯಿಲ್ಲದ ಮನೆಯ ನಾಲ್ಕು ಸಾಮಗ್ರಿಗಳ ಬ್ರೆಡ್‌ಗೆ ಈ ತೊಂದರೆಗಳಿಲ್ಲ. ಅದು ಬೇಗ ಗಟ್ಟಿಯಾಗುತ್ತದೆ, ಬಿರುಸಾದ ಬಿಸಿಯಲ್ಲಿ ಬೇಯುತ್ತದೆ, ಕಾಲು ಚಮಚ ಸೋಡಾ ಮತ್ತು ನಾಲ್ಕು ಚಮಚ ನೀರಿನ ತಿದ್ದುಪಡಿಯಲ್ಲಿ ಪರ್ವತದ ಗಾಳಿಗೆ ಹೊಂದಿಕೊಳ್ಳುತ್ತದೆ. ಬಡತನದಿಂದ ಬಂದ ಸರಳತೆಯೇ ಎತ್ತರದಲ್ಲಿ ಈ ಬ್ರೆಡ್‌ನ ಬಲ.

ಕರ್ನಾಟಕದ ಊರುಗಳಲ್ಲಿ

ಎತ್ತರದ ಅಡುಗೆಯ ಮಾರ್ಗಸೂಚಿಗಳು ಸಾಮಾನ್ಯವಾಗಿ 3,000 ಅಡಿಯಿಂದ, ಅಂದರೆ ಸುಮಾರು 915 ಮೀಟರ್‌ನಿಂದ ಆರಂಭವಾಗುತ್ತವೆ. ಬೆಂಗಳೂರಿನ ಎತ್ತರ ಸುಮಾರು 920 ಮೀಟರ್. ಅಂದರೆ ರಾಜಧಾನಿ ಸರಿಯಾಗಿ ಆ ಗಡಿರೇಖೆಯ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ. 90ರಷ್ಟು. ನೀರು ಕುದಿಯುವುದು 97 ಡಿಗ್ರಿಗೆ. ಮಂಗಳೂರಿನ ಅಡುಗೆಮನೆಯಲ್ಲಿ ಸರಿಹೋದ ಕೇಕ್‌ನ ಅಳತೆ ಬೆಂಗಳೂರಿನಲ್ಲಿ ತುಸು ಹೆಚ್ಚು ಉಬ್ಬಿ ನಡುವೆ ತಗ್ಗಿದರೆ ಆಶ್ಚರ್ಯಪಡಬೇಕಾಗಿಲ್ಲ. ಬೆಂಗಳೂರಿಗಿಂತ ಎತ್ತರದಲ್ಲಿರುವ ಮಡಿಕೇರಿಯಲ್ಲಿ ಈ ಪರಿಣಾಮ ಇನ್ನೂ ಸ್ವಲ್ಪ ಹೆಚ್ಚು. ಸೋಡಾ ಬ್ರೆಡ್‌ಗೆ ಮಾತ್ರ ಈ ಎರಡೂ ಊರುಗಳಲ್ಲಿ ಒಂದೆರಡು ಚಮಚ ನೀರಿನ ಹೊರತು ಬೇರೆ ಬದಲಾವಣೆ ಬೇಕಾಗದು.

ಇಲ್ಲಿ ಬ್ರೆಡ್ ಮಾಡುವವರು ಎತ್ತರಕ್ಕಿಂತ ಹೆಚ್ಚಾಗಿ ಗಮನಿಸಬೇಕಾದದ್ದು ಮಜ್ಜಿಗೆಯನ್ನು. ನಾವು ಕುಡಿಯುವ ಮಜ್ಜಿಗೆಗೆ ಧಾರಾಳವಾಗಿ ನೀರು ಬೆರೆತಿರುತ್ತದೆ. ಅದರಲ್ಲಿ ಹುಳಿ ಸಾಲದು, ಸೋಡಾ ಉಳಿದು ಸಾಬೂನಿನ ರುಚಿ ಬರುತ್ತದೆ. ಮೂರು ಪಾಲು ಹುಳಿ ಮೊಸರಿಗೆ ಒಂದು ಪಾಲು ನೀರು ಸೇರಿಸಿ ಕಡೆದರೆ ಹದ ಸರಿಹೋಗುತ್ತದೆ. ಸೋಡಾ ಮತ್ತು ಮೊಸರಿನ ಈ ಜೋಡಿ ಕನ್ನಡಿಗರಿಗೆ ಹೊಸದೂ ಅಲ್ಲ. ಮೈದಾಕ್ಕೆ ಬಾಳೆಹಣ್ಣು, ಮೊಸರು, ಸೋಡಾ ಹಾಕಿ ಕಲಸಿ ಕರಿಯುವ ಮಂಗಳೂರು ಬನ್ಸ್‌ನಲ್ಲಿ ನಡೆಯುವುದೂ ಇದೇ ಕ್ರಿಯೆ. ಅಂಗಡಿಯಲ್ಲಿ ಕೊಳ್ಳುವಾಗ ಅಡುಗೆ ಸೋಡಾ ಮತ್ತು ಬೇಕಿಂಗ್ ಪೌಡರ್ ಬೇರೆ ಬೇರೆ ಎಂಬುದನ್ನೂ ನೆನಪಿಡಬೇಕು. ಬೇಕಿಂಗ್ ಪೌಡರ್‌ನಲ್ಲಿ ಸೋಡಾದ ಜೊತೆ ಹುಳಿಯ ಪುಡಿಯೂ ಬೆರೆತಿರುವುದರಿಂದ ಈ ಅಳತೆಗಳು ಅದಕ್ಕೆ ಅನ್ವಯಿಸುವುದಿಲ್ಲ.

ಬ್ರೆಡ್ ಕೆಟ್ಟಾಗ ಕಾರಣ ಹುಡುಕುವುದು

ಮೊದಲ ಪ್ರಯತ್ನದಲ್ಲಿಯೇ ಅಳತೆ ಕೂಡಿಬರದಿರಬಹುದು. ಆಗ ಬ್ರೆಡ್ಡನ್ನು ಕತ್ತರಿಸಿ ನೋಡಿದರೆ ಅದೇ ಕಾರಣ ಹೇಳುತ್ತದೆ.

ನಡುವೆ ತಗ್ಗು, ಒಳಗೆ ದೊಡ್ಡ ರಂಧ್ರಗಳಿದ್ದರೆ ಅನಿಲ ಹೆಚ್ಚಾಗಿದೆ ಅಥವಾ ಓವನ್ ಸಾಕಷ್ಟು ಕಾದಿರಲಿಲ್ಲ. ಹಳದಿ ಬಣ್ಣ, ಸಾಬೂನಿನ ರುಚಿ ಇದ್ದರೆ ಸೋಡಾ ಹೆಚ್ಚು ಅಥವಾ ಮಜ್ಜಿಗೆಯ ಹುಳಿ ಕಡಿಮೆ. ಬಿಳಿಚಿಕೊಂಡು ಹುಳಿಯಾಗಿದ್ದರೆ ಸೋಡಾ ಮಿತಿಗಿಂತ ಕೆಳಗಿಳಿದಿದೆ. ಪುಡಿಪುಡಿಯಾದರೆ ನೀರು ಸಾಲದು. ಹೊರಗೆ ಕಪ್ಪಾಗಿ ಒಳಗೆ ಹಸಿಯಾಗಿದ್ದರೆ ಬ್ರೆಡ್‌ನ ಗಾತ್ರ ದೊಡ್ಡದಾಗಿದೆ ಅಥವಾ ಗೀರು ಆಳವಾಗಿಲ್ಲ.

ಒಮ್ಮೆಗೆ ಒಂದೇ ಅಂಶವನ್ನು ಬದಲಿಸಿ, ಎಷ್ಟು ಬದಲಿಸಲಾಯಿತು ಎಂಬುದನ್ನು ಬರೆದಿಡುವುದು ಜಾಣತನ. ಸೋಡಾ, ನೀರು, ಉಷ್ಣಾಂಶ ಮೂರನ್ನೂ ಒಟ್ಟಿಗೆ ಬದಲಿಸಿದರೆ ಬ್ರೆಡ್ ಸರಿಹೋದರೂ ಯಾವುದರಿಂದ ಸರಿಹೋಯಿತು ಎಂಬುದು ತಿಳಿಯುವುದಿಲ್ಲ. ಮೊದಲು ನೀರು, ನಂತರ ಬಿಸಿ, ಕೊನೆಗೆ ಸೋಡಾ. ಎತ್ತರ ಎಷ್ಟೇ ಇರಲಿ, ಸೋಡಾ ಬ್ರೆಡ್ ತಿದ್ದುವವರು ಈ ಕ್ರಮವನ್ನು ಅನುಸರಿಸಿದರೆ ಹಿಟ್ಟು ವ್ಯರ್ಥವಾಗುವುದು ತಪ್ಪುತ್ತದೆ.